ಲೇಬರ್ ಕ್ಯಾಂಪಿಗೆ ಹೋಗಿ ಮತಾಂತರ ಮಾಡ್ತೀರಂತೆ, ಹೌದಾ?

ಈ ಪ್ರಶ್ನೆ ಆಫೀಸಲ್ಲಿ ಬರುತ್ತೆ, ಸೊಸೈಟಿ ವಾಟ್ಸಾಪ್ ಗ್ರೂಪಲ್ಲಿ ಬರುತ್ತೆ, ಗದಗಿಗೆ ಹೋದ್ರೆ ಮದುವೆ ಪಂಕ್ತೀಲಿ ಪಕ್ಕದಲ್ಲಿ ಕೂತವರೂ ಕೇಳ್ತಾರೆ. ಕೆಲವರು ನಗ್ತಾ ಕೇಳ್ತಾರೆ, ಕೆಲವರು ನಗಲ್ಲ. ಮಜಾ ಏನಂದ್ರೆ ನಮ್ಮ ಚರ್ಚಿನ ಸಭೆಯವರೂ ಇದನ್ನೇ ಉಲ್ಟಾ ಕೇಳ್ತಾರೆ, "ಇಷ್ಟು ದಿನದಿಂದ ಹೋಗ್ತಿದೀರಲ್ಲ ಸಿಸ್ಟರ್, ಎಷ್ಟು ಆತ್ಮಗಳು ಬಂದ್ವು?" ಅಂತ. ಹೊರಗಿನವರಿಗೆ ಒಬ್ಬರೂ ಬಂದಿರಬಾರದು, ಒಳಗಿನವರಿಗೆ ಲಾರಿ ತುಂಬ ಬಂದಿರಬೇಕು. ಇಬ್ಬರಿಗೂ ಸೇರಿಸಿ ಒಂದೇ ಸಲ ಬರೆದುಬಿಡ್ತೀನಿ.

ಮೊದಲು ನಾವು ಮಾಡೋದೇನು ಅಂತ. ಪುಣೆಯ ವಾಕಡ್, ಹಿಂಜೆವಾಡಿ ಕಡೆ ಏಳ್ತಿರೋ ದೊಡ್ಡ ದೊಡ್ಡ ಟವರ್‌ಗಳ ಹಿಂದೆ ತಗಡಿನ ಶೆಡ್ಡುಗಳು ಇರ್ತಾವಲ್ಲ, ಅಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ನಮ್ಮ ಜನ ತುಂಬಾ ಇದಾರೆ. ಭಾನುವಾರ ಕನ್ನಡ ಆರಾಧನೆ ಮುಗಿದ ಮೇಲೆ ನಾವೊಂದಿಷ್ಟು ಜನ ಹೋಗ್ತೀವಿ. ಮಕ್ಕಳಿಗೆ ಅಕ್ಷರ ಕಲಿಸ್ತೀವಿ, ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಮರುದಿನ ಸಸೂನ್ ಆಸ್ಪತ್ರೆಗೆ ಜೊತೆಗೆ ಹೋಗ್ತೀವಿ, ಯಾಕಂದ್ರೆ ಅವರಿಗೆ ಮರಾಠಿ ಬರಲ್ಲ. ಆದ್ರೆ ಹೆಚ್ಚು ಟೈಮ್ ಹೋಗೋದು ಸರ್ಕಾರಿ ಸವಲತ್ತು ಸಿಗೋಕೆ ಬೇಕಾದ ಕಟ್ಟಡ ಕಾರ್ಮಿಕರ ಮಂಡಳಿ ನೋಂದಣಿಗೆ. 18ರಿಂದ 60 ವರ್ಷದೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಸರ್ಟಿಫಿಕೇಟ್ ಬೇಕು. ಒಂದು ಸೈಟಲ್ಲಿ ತಿಂಗಳು, ಇನ್ನೊಂದರಲ್ಲಿ ಎರಡು ತಿಂಗಳು ಅಂತ ಓಡಾಡೋ ಮನುಷ್ಯನಿಗೆ ಆ 90 ದಿನಕ್ಕೆ ಸಹಿ ಹಾಕೋರು ಯಾರು ಹೇಳಿ? ಮೇಸ್ತ್ರಿ ಕಂಟ್ರಾಕ್ಟರ್ ಕಡೆ ಬೆರಳು ತೋರಿಸ್ತಾನೆ, ಕಂಟ್ರಾಕ್ಟರ್ ಫೋನೇ ಎತ್ತಲ್ಲ. ನಿಜ ಹೇಳ್ತೀನಿ, ಸುವಾರ್ತೆ ಸಾರೋದು ಇದಕ್ಕಿಂತ ಸುಲಭ.

ಸರಿ, ಈಗ ಪ್ರಶ್ನೆಗೆ ಬರ್ತೀನಿ. "ಇಲ್ಲಪ್ಪ, ನಮ್ಮದು ಬರೀ ಸಮಾಜಸೇವೆ" ಅಂತ ಜಾರಿಕೊಳ್ಳಬಹುದು, ಎಷ್ಟೋ ಕ್ರೈಸ್ತರು ಹಾಗೇ ಮಾಡ್ತಾರೆ, ನನಗದು ಸೇರಲ್ಲ. ನಾನು ನಂಬಿರೋ ಯೇಸುಸ್ವಾಮಿನ ಇನ್ನೊಬ್ಬರು ನಂಬಿದ್ರೆ ನನಗೆ ಖುಷಿನೇ. ಎಲ್ಲ ಜನಾಂಗದವರನ್ನೂ ಶಿಷ್ಯರನ್ನಾಗಿ ಮಾಡಿ ಅಂತ ಮತ್ತಾಯನ ಸುವಾರ್ತೆಯ ಕೊನೇಲಿ ಇದೆ, ಅದನ್ನ ಹರಿದು ಹಾಕೋಕಾಗಲ್ಲ. ಕಾನೂನಿನ ಮಾತು ಬಂದ್ರೆ, ಸಂವಿಧಾನದ 25ನೇ ವಿಧೀಲಿ ಧರ್ಮ ಪ್ರಚಾರದ ಹಕ್ಕು ಇದೆ, ಆದ್ರೆ 1977ರಲ್ಲಿ ಸ್ಟಾನಿಸ್ಲಾಸ್ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ನಿನ್ನ ಧರ್ಮದ ವಿಚಾರ ತಿಳಿಸೋ ಹಕ್ಕು ಇದೆ, ಇನ್ನೊಬ್ಬನನ್ನ ಮತಾಂತರ ಮಾಡೋ ಹಕ್ಕು ಇಲ್ಲ ಅಂತ. ನಮ್ಮವರು ಕೆಲವರಿಗೆ ಆ ತೀರ್ಪಿನ ಮೇಲೆ ಸಿಟ್ಟಿದೆ. ನನಗಿಲ್ಲ. ಮನಸ್ಸು ತಿರುಗಿಸೋದು ದೇವರ ಕೆಲಸ ಅಂತ ನಾವೇ ಪ್ರಸಂಗದಲ್ಲಿ ಹೇಳ್ತೀವಲ್ಲ, ಮತ್ತೆ ಆ ಹಕ್ಕು ನಮಗ್ಯಾಕೆ?

ಅಕ್ಕಿ ಮೂಟೆ ತೋರಿಸಿ ಜನಾನ ಎಳೀತೀರಿ ಅನ್ನೋ ಮಾತಿಗೆ ಲೂಕನ 17ನೇ ಅಧ್ಯಾಯ ಓದಿ ಅಂತೀನಿ. ಹತ್ತು ಜನ ಕುಷ್ಠರೋಗಿಗಳಿಗೆ ವಾಸಿ ಆಯ್ತು, ಒಬ್ಬ ಸಮಾರ್ಯದವನು ಮಾತ್ರ ತಿರುಗಿ ಬಂದು ಕಾಲಿಗೆ ಬಿದ್ದ. ಉಳಿದ ಒಂಬತ್ತು ಜನ ಎಲ್ಲಿ ಅಂತ ಯೇಸು ಕೇಳ್ತಾನೆ ನಿಜ, ಆದ್ರೆ ಅವರಿಗೆ ರೋಗ ವಾಪಸ್ ಕೊಡಲಿಲ್ಲ. ನಮ್ಮ ಲೆಕ್ಕಾನೂ ಅಷ್ಟೇ, ಫಾರ್ಮ್ ತುಂಬಿಸಿಕೊಂಡವರು ಆಮೇಲೆ ಮುಖಾನೂ ತೋರಿಸದೆ ಹೋದ್ರೆ ಹೋಗ್ಲಿ.

ಈ ವಿಷ್ಯದಲ್ಲಿ ಪುಣೆಗೆ ಹಳೇ ನೆನಪು ಒಂದಿದೆ, ಅದೂ ನಮ್ಮ ಕಡೆಯವರದ್ದೇ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಇಂಗ್ಲೆಂಡಿನಲ್ಲಿ 1883ರಲ್ಲಿ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದ್ರು, 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆಗೆದ್ರು, ಮರುವರ್ಷ ಅದನ್ನ ಪುಣೆಗೆ ತಂದ್ರು. ಧರ್ಮ ಹೇರಲ್ಲ ಅಂತ ಮಾತು ಕೊಟ್ಟಿದ್ರು, ಹೇರಲಿಲ್ಲ ಕೂಡ. ಆದ್ರೆ ತಮ್ಮ ಪ್ರಾರ್ಥನೆ ಹೊತ್ತಲ್ಲಿ ಕೋಣೆ ಬಾಗಿಲು ಹಾಕ್ತಿರಲಿಲ್ಲ, ಕೆಲವು ಹುಡುಗಿಯರು ತಾವಾಗೇ ಬಂದು ಕೂರೋಕೆ ಶುರು ಮಾಡಿದ್ರು. ಅಷ್ಟೇ ಸಾಕಾಯ್ತು. ಊರೆಲ್ಲ ಗುಲ್ಲು, ಪತ್ರಿಕೇಲಿ ಬೈಗುಳ, 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ಸಮಾಜ ಸುಧಾರಕರೇ ಸದನದ ಸಲಹಾ ಸಮಿತಿ ಬಿಟ್ಟು ಹೋದ್ರು, ಎಷ್ಟೋ ಮನೆಯವರು ಹುಡುಗಿಯರನ್ನ ವಾಪಸ್ ಕರಕೊಂಡು ಹೋದ್ರು. ನನಗೆ ರಮಾಬಾಯಿ ಮೇಲೆ ಬಹಳ ಅಭಿಮಾನ, ಆಕೆ ತನ್ನ ಕೋಣೇಲಿ ತಾನು ಪ್ರಾರ್ಥನೆ ಮಾಡೋಕೆ ಯಾಕೆ ಬಾಗಿಲು ಹಾಕಬೇಕಿತ್ತು? ಆದ್ರೆ ನಂಬಿ ಮಗಳನ್ನ ಬಿಟ್ಟ ತಾಯಿತಂದೆ ಹೊಟ್ಟೇಲಿ ಎಂಥ ಸಂಕಟ ಆಗಿರಬೇಕು ಅಂತಾನೂ ಅನ್ಸುತ್ತೆ. ಬಾಗಿಲು ತೆಗೆದಿಟ್ಟಿದ್ದೂ ಒಂಥರಾ ಕರೆಯೋದೇ, ಅದನ್ನ ಇಲ್ಲ ಅನ್ನೋಕಾಗಲ್ಲ. ಅದಕ್ಕೇ ನಾವು ಮಕ್ಕಳ ಕ್ಲಾಸಲ್ಲಿ ಅಕ್ಷರ ಬಿಟ್ಟು ಬೇರೆ ಏನೂ ಹೇಳಲ್ಲ, ಬೈಬಲ್ ಕಥೆ ಕೂಡ ಹೆತ್ತವರು ಪಕ್ಕದಲ್ಲಿದ್ದು ಹೇಳಿ ಅಂದ್ರೆ ಮಾತ್ರ. (ಆಮೇಲೆ ರಮಾಬಾಯಿ ಕೇಡಗಾವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದ್ರು, ಬರಗಾಲದಲ್ಲಿ ಅನಾಥರಾದ ಹುಡುಗಿಯರನ್ನೆಲ್ಲ ಸಾಕಿದ್ರು. ಕಲಬುರಗಿಯಿಂದ ನಮ್ಮ ಜನ ಹತ್ತಿ ಬರೋ ರೈಲು ಆ ಊರಿನ ಮೇಲೇ ಬರೋದು.)

ಇನ್ನು ಆಸೆ ತೋರಿಸಿ ಮತಾಂತರ ಮಾಡ್ತೀರಿ ಅಂತೀರಲ್ಲ, ಕ್ರೈಸ್ತರಾದ್ರೆ ನಿಜಕ್ಕೂ ಏನು ಸಿಗುತ್ತೆ ಅಂತ ಯಾರೂ ಕೇಳಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಮೀಸಲಾತಿ ಮೊದಲು ಹೆಚ್ಚುಕಮ್ಮಿ ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು, ಕ್ರೈಸ್ತರನ್ನ ಸೇರಿಸಿಲ್ಲ. ಅಂದ್ರೆ ಎಸ್‌ಸಿ ಹುಡುಗ ದೀಕ್ಷಾಸ್ನಾನ ತಗೊಂಡ್ರೆ ಆ ಮೀಸಲಾತಿ ಹೋಯ್ತು, ಮುಂದೆ ಮಕ್ಕಳಿಗೂ ಕಷ್ಟ. ಯಾದಗಿರಿ ಕಡೆ ಹುಡುಗನೊಬ್ಬ ನನಗೂ ಸ್ನಾನ ಕೊಡಿಸ್ರಿ ಅಂತ ಬಂದಾಗ ನಮ್ಮ ಪಾಸ್ಟರ್ ಮೊದಲು ಹೇಳಿದ್ದು ಇದನ್ನೇ. "ಊರಿಗೆ ಹೋಗು, ಅವ್ವ ಅಪ್ಪಗ ಹೇಳು, ಅವರ ಮಾತು ಕೇಳು, ಆಮ್ಯಾಲ ಬಾ." ಹುಡುಗ ಮುಖ ಸಣ್ಣ ಮಾಡಿಕೊಂಡು ಹೋದ. ಅವನು ಇನ್ನೂ ಊರಲ್ಲೇ ಇದಾನೆ, ಹತ್ತಿ ಬಿಡಿಸೋ ಟೈಮ್ ಅಂತೆ. ಕೆಲವು ಸಭೆಗಳಲ್ಲಿ ಇದನ್ನ ಮುಚ್ಚಿಟ್ಟು, ಹೆಸರು ಬದಲಿಸದೆ ಗುಟ್ಟಾಗಿ ದೀಕ್ಷಾಸ್ನಾನ ನಡೆಸ್ತಾರೆ. ಅದು ತಪ್ಪು. ಬೆಲೆ ಹೇಳದೆ ಮಾಲು ಮಾರಿದ ಹಾಗೆ.

ನಿಜ ಹೇಳಬೇಕಂದ್ರೆ ಕ್ಯಾಂಪಲ್ಲಿ ಮುಕ್ಕಾಲುಪಾಲು ಜನಕ್ಕೆ ಧರ್ಮ ಬದಲಿಸೋ ಯೋಚನೆನೇ ಇಲ್ಲ. ಅವರಿಗೆ ಬೇಕಿರೋದು ಪ್ರಾರ್ಥನೆ. ಎಲ್ಲವ್ವನ ಭಕ್ತೆ ಒಬ್ಬಾಕೆ ಇದಾಳೆ, ಗಂಡನ ಕುಡಿತ ಬಿಡಿಸೋಕೆ ಸವದತ್ತಿಗೂ ಹರಕೆ ಹೊತ್ತಿದಾಳೆ, ನನ್ನ ಕಂಡ್ರೆ, "ಅಕ್ಕಾರ, ನಿಮ್ಮ ಯೇಸಪ್ಪಗೂ ಒಂದ್ ಮಾತ ಹೇಳ್ರಿ, ಯಾರರೆ ಒಬ್ರು ಕೇಳ್ತಾರ" ಅಂತಾಳೆ. ನಾನು ಅಲ್ಲೇ ನಿಂತು ಅವಳ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ತೀನಿ, ಅವಳ ಕೊರಳಲ್ಲಿ ಎಲ್ಲವ್ವನ ಹೆಸರಲ್ಲಿ ಕಟ್ಟಿರೋ ಮುತ್ತಿನ ಬಗ್ಗೆ ಮಾತೆತ್ತಲ್ಲ. ಇದನ್ನ ಹೇಳಿದ್ರೆ ನಮ್ಮ ಸಭೆಯ ಕೆಲವರು ಹುಬ್ಬು ಗಂಟಿಕ್ತಾರೆ, ಸತ್ಯ ಸ್ಪಷ್ಟವಾಗಿ ಹೇಳಬೇಕಿತ್ತು ಸಿಸ್ಟರ್ ಅಂತಾರೆ. ಕೇಳಿದ್ರೆ ಹೇಳ್ತೀನಿ, ಕೇಳಿದವರಿಗೆ ಹೇಳಿದ್ದೂ ಇದೆ, ಒಬ್ಬಿಬ್ಬರು ಆರಾಧನೆಗೆ ಬಂದು ಹಿಂದಿನ ಬೆಂಚಲ್ಲಿ ಕೂತಿದ್ದೂ ಇದೆ. ಎಷ್ಟು ಜನ ಅನ್ನೋ ಕಾಲಂ ನಾನು ವರದೀಲಿ ಖಾಲಿ ಬಿಡ್ತೀನಿ. ಸಂಖ್ಯೆ ಬರೆಯೋಕೆ ಶುರು ಮಾಡಿದ್ರೆ ಮುಂದಿನ ಭಾನುವಾರ ಅವಳ ತಲೆ ಮೇಲೆ ಕೈಯಿಡುವಾಗ ನನ್ನ ಕಣ್ಣು ಆ ಸಂಖ್ಯೆ ಮೇಲೇ ಇರುತ್ತೆ.

ಸೊಸೈಟಿ ಗ್ರೂಪಿನವರಿಗೆ ಒಂದು ಮಾತು. ಅನುಮಾನ ಇದ್ರೆ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಕ್ಯಾಂಪಿಗೆ ಬನ್ನಿ, ನಾವೇನು ಮಾತಾಡ್ತೀವಿ ಕೂತು ಕೇಳಿ. ಮರಾಠಿ ಚೆನ್ನಾಗಿ ಬರೆಯೋಕೆ ಬರೋರಾದ್ರೆ ಪೆನ್ನೂ ತನ್ನಿ, 90 ದಿನದ ಸರ್ಟಿಫಿಕೇಟಿಗೆ ಅರ್ಜಿ ಬರೆಸಿಕೊಳ್ಳೋರು ಸಾಲಾಗಿ ಕಾಯ್ತಿರ್ತಾರೆ.