ಕಾಮಿಡಿ, ಥ್ರಿಲ್ಲರ್, ಲವ್ ಸ್ಟೋರಿ: ಮೂರಕ್ಕೂ ಒಬ್ಬರೇ ಯಾಕೆ?

“ಒಂದು ಕಾಮಿಡಿ, ಒಂದು ಥ್ರಿಲ್ಲರ್, ಒಂದು ಲವ್ ಸ್ಟೋರಿ ಹೇಳಿ. ಕಥೆ ಏನು, ಯಾರ್ಯಾರು ಇದ್ದಾರೆ ಅಂತಾನೂ ಹೇಳಿಬಿಡಿ. ಆದ್ರೆ ಕೊನೆ ಹೇಳ್ಬೇಡಿ!”

ಆಫೀಸಿನಲ್ಲಿ ಶುಕ್ರವಾರ ಮಧ್ಯಾಹ್ನ ಯಾರಾದರೂ ಒಬ್ಬರು ನನ್ನನ್ನು ಹೀಗೆ ಹಿಡಿದುಕೊಳ್ಳುತ್ತಾರೆ. ಡೆನ್ವರಿನಲ್ಲಿರುವ ಅಕ್ಕನ ಮಗಳು ಫೋನ್ ಮಾಡಿದಾಗಲೂ ಇದೇ ಪ್ರಶ್ನೆ. ನಾನು ಮೂರು ಹೆಸರು ಹೇಳುತ್ತೇನೆ. ‘ಗಣೇಶನ ಮದುವೆ’, ‘ಕವಲುದಾರಿ’, ‘ಬೆಳದಿಂಗಳ ಬಾಲೆ’. ಕೇಳಿದವರು ಹುಡುಕಿ ನೋಡಿ ವಾಪಸ್ ಬಂದು ಇನ್ನೊಂದು ಪ್ರಶ್ನೆ ಹಾಕುತ್ತಾರೆ: “ಮೂರರಲ್ಲೂ ಅನಂತ್ ನಾಗ್ ಅವರೇ ಇದ್ದಾರಲ್ಲ, ಬೇರೆ ಯಾರೂ ಸಿಗಲಿಲ್ವಾ?” ಬೇಕಾದಷ್ಟು ಜನ ಇದ್ದಾರೆ. ಆದರೂ ಬೇಕೆಂದೇ ಈ ಮೂರನ್ನು ಆರಿಸಿದ್ದೇನೆ. ಯಾಕೆ ಅಂತ ಒಮ್ಮೆ ಕೂತು ಬರೆದುಬಿಡುತ್ತೇನೆ.

ಎಲ್ಲರೂ ಅವರ ಮಾತಿನ ಶೈಲಿಯನ್ನು ಹೊಗಳುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಇಷ್ಟ ಅವರು ಬೇರೆಯವರ ಮಾತು ಕೇಳಿಸಿಕೊಳ್ಳುವ ರೀತಿ. ಎದುರಿನವರು ಮಾತಾಡುತ್ತಿರುವಾಗ ಬಹಳ ನಟರು ತಮ್ಮ ಸರದಿಗೆ ಕಾಯುತ್ತಿರುತ್ತಾರೆ, ಅದು ಕಣ್ಣಲ್ಲೇ ಗೊತ್ತಾಗುತ್ತದೆ. ಇವರು ಕಾಯುವುದಿಲ್ಲ. ಮಾತು ಕಿವಿಗೆ ಬಿದ್ದು, ಒಳಗಿಳಿದು, ಆಮೇಲೆ ಮುಖಕ್ಕೆ ಬರುತ್ತದೆ. ನಾನು ಹೇಳುವ ಮೂರೂ ಕಥೆಗಳಲ್ಲಿ ಒಬ್ಬರು ಮರೆಯಲ್ಲಿದ್ದಾರೆ, ಅವರನ್ನು ಕಂಡುಹಿಡಿಯಬೇಕು. ಅಂಥ ಕಥೆಗೆ ಒಳ್ಳೆಯ ಕಿವಿಯೇ ಬೇಕು.

‘ಗಣೇಶನ ಮದುವೆ’ 1990ರದು, ಫಣಿ ರಾಮಚಂದ್ರ ನಿರ್ದೇಶನ. ಒಂದು ವಠಾರ. ಅಲ್ಲಿ ಗಣೇಶನಿಗೂ ಆದಿಲಕ್ಷ್ಮಿಗೂ ಎಣ್ಣೆ ಸೀಗೆಕಾಯಿ ಸಂಬಂಧ, ಎದುರಾದರೆ ಜಗಳ. ಆದರೆ ಅದೇ ಗಣೇಶ ವೈ.ಜಿ. ರಾವ್ ಎಂಬ ಹೆಸರಲ್ಲಿ ಶ್ರುತಿ ಎಂಬ ಹಾಡುಗಾರ್ತಿಗೆ ಮನಸೋತು ಪತ್ರ ಬರೆಯುತ್ತಾನೆ. ಶ್ರುತಿಗೂ ಆ ಪತ್ರ ಬರೆಯುವವನ ಮೇಲೆ ಪ್ರೀತಿ. ಶ್ರುತಿಯೇ ಆದಿಲಕ್ಷ್ಮಿ ಅಂತ ಅವನಿಗೆ ಗೊತ್ತಿಲ್ಲ, ರಾವ್ ಅಂದರೆ ಇದೇ ಗಣೇಶ ಅಂತ ಅವಳಿಗೂ ಗೊತ್ತಿಲ್ಲ. ನಮಗೆ ಮಾತ್ರ ಗೊತ್ತು. ಆದಿಲಕ್ಷ್ಮಿಯಾಗಿ ವಿನಯಾ ಪ್ರಸಾದ್, ವಠಾರದ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಗಣೇಶ ಬಾಯಿ ತುಂಬ “ರಮಣಮೂರ್ತಿ” ಅಂತ ಕರೆಯುವುದನ್ನು ನಮ್ಮ ಮನೆಯಲ್ಲಿ ಈಗಲೂ ಅನುಕರಣೆ ಮಾಡುತ್ತೇವೆ.

ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಬೆಳೆದವರಿಗೆ ಈ ಕಥೆ ಬೇಗ ತಾಗುತ್ತದೆ. ಪಕ್ಕದ ಮನೆಯ ಒಗ್ಗರಣೆ ವಾಸನೆಯಲ್ಲೇ ಅವತ್ತಿನ ಅಡುಗೆ ಏನು ಅಂತ ಹೇಳಬಲ್ಲಷ್ಟು ಹತ್ತಿರ ಇದ್ದೂ, ಆ ಮನೆಯ ಮನುಷ್ಯ ಯಾರಿಗೆ ಏನು ಬರೆಯುತ್ತಾನೆ ಅಂತ ತಿಳಿಯದೆ ಇರಬಹುದು. ಹಾಗಾಗಿ ಇಲ್ಲಿ ನಗು ಬರುವುದು ಜೋಕಿನಿಂದಲ್ಲ. ಬೆಳಗ್ಗೆ ಬೈಗುಳ ಕೇಳಿದ ಕಿವಿಗೂ ಸಂಜೆ ಪತ್ರ ಓದಿ ಕರಗುವ ಮನಸ್ಸಿಗೂ ಆ ಬೈಗುಳ, ಆ ಪತ್ರ ಎರಡೂ ಒಬ್ಬರದೇ ಅಂತ ತಿಳಿಯದಿರುವುದರಿಂದ.

ಥ್ರಿಲ್ಲರ್ ಅಂದಾಗ ನಾನು ಹಿಂದೆ ‘ಆಕ್ಸಿಡೆಂಟ್’ ಅನ್ನುತ್ತಿದ್ದೆ. 1985ರಲ್ಲಿ ಶಂಕರ್ ನಾಗ್ ಮಾಡಿದ್ದು, ಹಾಡೇ ಇಲ್ಲದ ಸಿನಿಮಾ. ರಾಜಕಾರಣಿಯ ಮಗ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸುತ್ತಾನೆ, ಪತ್ರಕರ್ತ ಬೆನ್ನು ಹತ್ತುತ್ತಾನೆ. ಪತ್ರಕರ್ತ ಸ್ವತಃ ಶಂಕರ್, ರಾಜಕಾರಣಿಯ ಪಾತ್ರ ಅಣ್ಣ ಅನಂತ್‌ದು. ಇದನ್ನೂ ನೋಡಲೇಬೇಕು. ಆದರೆ ಹೊಸಬರಿಗೆ ಈಗ ‘ಕವಲುದಾರಿ’ ಹೇಳುತ್ತೇನೆ. 2019ರದು, ಹೇಮಂತ್ ರಾವ್ ನಿರ್ದೇಶನ, ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ಮೊದಲ ಸಿನಿಮಾ. ಬೆಂಗಳೂರಿನ ಮೆಟ್ರೊ ಕಾಮಗಾರಿಯ ಜಾಗದಲ್ಲಿ ನೆಲ ಅಗೆದಾಗ ಮೂಳೆಗಳು ಸಿಗುತ್ತವೆ. ಟ್ರಾಫಿಕ್ ಪೊಲೀಸ್ ಶ್ಯಾಮ್, ಅಂದರೆ ರಿಷಿ, ತನ್ನ ಕೆಲಸವಲ್ಲದಿದ್ದರೂ ಅದರ ಹಿಂದೆ ಬೀಳುತ್ತಾನೆ. ದಾರಿ ದಶಕಗಳ ಹಿಂದಿನ ಒಂದು ಕೇಸಿಗೆ ಹೋಗಿ, ಅದನ್ನು ಮುಗಿಸಲಾಗದೆ ನಿವೃತ್ತನಾದ ಮುತ್ತಣ್ಣನ ಮುಂದೆ ನಿಲ್ಲುತ್ತದೆ. ಮುತ್ತಣ್ಣನೇ ಅನಂತ್ ನಾಗ್. ಅಚ್ಯುತ್ ಕುಮಾರ್ ಕೂಡ ಇದ್ದಾರೆ, ಅವರ ಪಾತ್ರವನ್ನು ಕಣ್ಣಿಟ್ಟು ನೋಡಿ ಅಂತಷ್ಟೇ ಹೇಳುತ್ತೇನೆ.

ಇಲ್ಲಿ ಮರೆ ಮಾಡಿದ್ದು ಗೋಡೆಯಲ್ಲ, ಮಣ್ಣು. ಊರು ಬೆಳೆಯುತ್ತ ತನ್ನ ಹಳೆಯದನ್ನೇ ಅಗೆದು ಹೊರಗೆ ಹಾಕುವುದನ್ನು ದಿನಾ ಟ್ರಾಫಿಕ್ಕಿನಲ್ಲಿ ನಿಂತು ನೋಡಿದವರಿಗೆ ಆ ಮೂಳೆಗಳು ಸಿಗುವ ಜಾಗ ಬೇರೆ ಎಲ್ಲೋ ಅನ್ನಿಸುವುದಿಲ್ಲ. ಮುತ್ತಣ್ಣ ಆ ಹುಡುಗನ ಮಾತು ಕೇಳಿಸಿಕೊಳ್ಳುವಾಗ, ತಾನು ಒಂದು ಕಾಲದಲ್ಲಿ ಕೇಳಿದ್ದ ಪ್ರಶ್ನೆಗಳನ್ನೇ ಬೇರೆಯವನ ಬಾಯಲ್ಲಿ ಕೇಳುತ್ತಿದ್ದಾನೆ ಅನ್ನುವುದು ಮುಖದಲ್ಲಿ ಕಾಣುತ್ತದೆ. ಆಗ ಅನಂತ್ ನಾಗ್ ಅವರಿಗೆ ಎಪ್ಪತ್ತು ವರ್ಷ.

ಇನ್ನು ‘ಬೆಳದಿಂಗಳ ಬಾಲೆ’. ನನ್ನ ಮಟ್ಟಿಗೆ ಕನ್ನಡದ ಅತ್ಯುತ್ತಮ ಪ್ರೇಮಕಥೆ ಇದೇ. ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿಯನ್ನು 1995ರಲ್ಲಿ ಸುನಿಲ್ ಕುಮಾರ್ ದೇಸಾಯಿ ಸಿನಿಮಾ ಮಾಡಿದರು. ದೇಸಾಯಿ ಅಂದರೆ ‘ತರ್ಕ’, ‘ನಿಷ್ಕರ್ಷ’ದಂಥ ಥ್ರಿಲ್ಲರ್ ಮಾಡಿದವರು. ಅವರ ಕೈಗೆ ಪ್ರೇಮಕಥೆ ಸಿಕ್ಕಿದಾಗಲೂ ಅದನ್ನು ಪತ್ತೇದಾರಿಯ ಹಾಗೆಯೇ ನಡೆಸಿದರು. ಚೆಸ್ ಗ್ರ್ಯಾಂಡ್‌ಮಾಸ್ಟರ್ ರೇವಂತ್‌ಗೆ ಒಂದು ಹೆಣ್ಣುದನಿಯ ಫೋನ್ ಬರುತ್ತದೆ. ಹೆಸರಿಲ್ಲ, ವಿಳಾಸವಿಲ್ಲ. ನಾನು ಯಾರು ಅಂತ ಕಂಡುಹಿಡಿ ಅನ್ನುತ್ತಾಳೆ. ಮತ್ತೆ ಮತ್ತೆ ಫೋನ್ ಮಾಡುತ್ತಾಳೆ, ಸುಳಿವು ಕೊಡುತ್ತಾಳೆ. ಇಡೀ ಸಿನಿಮಾದಲ್ಲಿ ಅವಳ ಮುಖ ತೋರಿಸುವುದೇ ಇಲ್ಲ. ಆ ಪಾತ್ರದಲ್ಲಿ ಸುಮನ್ ನಗರ್‌ಕರ್.

ಅನಂತ್ ನಾಗ್ ಅವರ ಮುಂದೆ ನಾಯಕಿಯೇ ಇಲ್ಲ ಅನ್ನುವುದನ್ನು ಸ್ವಲ್ಪ ಯೋಚನೆ ಮಾಡಿ. ಕೈಯಲ್ಲಿ ರಿಸೀವರ್, ಅಷ್ಟೆ. ಮೊದಲು ಕುತೂಹಲ, ಆಮೇಲೆ ಹಟ, ಆಮೇಲೆ ಫೋನ್ ಯಾಕೆ ಬರಲಿಲ್ಲ ಅನ್ನುವ ಚಡಪಡಿಕೆ. ಪ್ರೀತಿ ಯಾವ ಗಳಿಗೆಯಲ್ಲಿ ಶುರುವಾಯಿತು ಅಂತ ನಾನು ಎಷ್ಟು ಸಲ ನೋಡಿದರೂ ಬೆರಳಿಟ್ಟು ತೋರಿಸಲಾರೆ. ಅವಳನ್ನು ನಾವು ಕಾಣುವುದೆಲ್ಲ ಅವಳ ಮಾತು ಕೇಳಿಸಿಕೊಳ್ಳುವ ಅವನ ಮುಖದಲ್ಲೇ.

ಅಕ್ಕನ ಮಗಳು ಇದನ್ನು ನೋಡಿ, “ಚಿಕ್ಕಮ್ಮ, ನಂಬರ್ ನೋಡಿದ್ರೆ ಮುಗೀತಲ್ಲ” ಅಂದಳು. ಅವಳಿಗೆ ಆ ಕಾಲ ಬಿಡಿಸಿ ಹೇಳಬೇಕಾಯಿತು. ಆಗ ಫೋನಿನ ಮೇಲೆ ನಂಬರ್ ಮೂಡುತ್ತಿರಲಿಲ್ಲ. ನಮ್ಮ ಮನೆಗಂತೂ ಫೋನೇ ಇರಲಿಲ್ಲ. ಅಪ್ಪನ ಲೆಟರ್‌ಹೆಡ್ಡಿನಲ್ಲಿ ಇದ್ದದ್ದು ಎದುರುಮನೆಯ ನಂಬರ್, ಪಕ್ಕದಲ್ಲಿ ಪಿ.ಪಿ. ಎಂಬ ಎರಡಕ್ಷರ, ಅಂದರೆ ಫೋನ್ ಬೇರೆಯವರದು, ಕರೆದು ಕೊಡುತ್ತಾರೆ ಅಂತ. ಯಾರಾದರೂ ಫೋನ್ ಮಾಡಿದರೆ ಎದುರುಮನೆ ಅಜ್ಜಿ ಗೇಟಿಗೆ ಬಂದು ಕೂಗುತ್ತಿದ್ದರು. ಓಡಿಹೋದರೆ, ಕಸೂತಿ ಹಾಕಿದ ಬಟ್ಟೆಯ ಮೇಲೆ ರಿಸೀವರ್ ಮಲಗಿರುತ್ತಿತ್ತು. ಅದನ್ನು ಕಿವಿಗೆ ಇಟ್ಟು “ಹಲೋ” ಅನ್ನುವವರೆಗೂ ಯಾರು ಅಂತ ಗೊತ್ತಾಗುತ್ತಿರಲಿಲ್ಲ. ದನಿಯಿಂದಲೇ ಗುರುತು ಹಿಡಿಯಬೇಕು. ಆ ಕ್ಷಣ ಬದುಕಿನಲ್ಲಿ ಇತ್ತು, ಹಾಗಾಗಿ ಈ ಕಥೆ ಹುಟ್ಟಲು ಸಾಧ್ಯವಾಯಿತು. ವಠಾರ ಹೋಯಿತು, ಪತ್ರ ಹೋಯಿತು, ಗುರುತಿಲ್ಲದ ಫೋನ್ ಬಂದರೆ ಈಗ ಕಟ್ ಮಾಡುತ್ತೇವೆ. ಇವತ್ತು ಇದೇ ಕಥೆ ಮಾಡುವುದಾದರೆ ಮೊದಲ ಹತ್ತು ನಿಮಿಷದಲ್ಲೇ ಮುಗಿದುಹೋಗುತ್ತದೆ ಅನ್ನುವ ಅವಳ ಮಾತನ್ನು ನಾನು ಒಪ್ಪಿದೆ. ಅದಕ್ಕೇ ಆ ಸಿನಿಮಾ ನನಗೆ ಇನ್ನೂ ಹೆಚ್ಚು ಬೇಕು.

ಕೊನೆ ಹೇಳಬೇಡಿ ಅಂದಿದ್ದೀರಿ, ಹೇಳುವುದಿಲ್ಲ. ನಾವು ಮೊದಲ ಸಲ ನೋಡಿದ್ದು ಟೀವಿಯಲ್ಲಿ, ಒಂದು ಭಾನುವಾರ, ಮನೆಮಂದಿಯೆಲ್ಲ ಚಾಪೆ ಹಾಸಿಕೊಂಡು. ಮುಗಿದ ಮೇಲೆ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಆ ಹುಡುಗಿ ನಮ್ಮ ಸೋದರತ್ತೆ ಥರ ಇರ್ತಾಳೆ, ಗುಂಡುಮುಖ” ಅಂದರು. ಅಕ್ಕ ಒಪ್ಪಲಿಲ್ಲ, ಅವಳ ಲೆಕ್ಕದಲ್ಲಿ ತೆಳ್ಳಗೆ, ಎರಡು ಜಡೆ. ಅಪ್ಪ ಯಾವತ್ತೂ ಸಿನಿಮಾದ ಬಗ್ಗೆ ಮಾತಾಡಿದವರಲ್ಲ. ಅವತ್ತು ಚಾಪೆ ಸುತ್ತುತ್ತ, “ಅವಳಿಗೆ ಕನ್ನಡಕ ಇದ್ದಿರಬೇಕು” ಅಂದರು.