ಖಾಲಿ ಡಬ್ಬಿ

ಸೋಮವಾರ ಬೆಳಗ್ಗೆ ಬ್ಯಾಡಗಿಯಿಂದ ಮಾಮಾನ ಫೋನ್ ಬಂತು. ಸೋಮವಾರ ಅಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಆ ದಿನ ಅವರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಅಂಥದ್ದರಲ್ಲಿ ಫೋನ್ ಅಂದ್ರೆ ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ.

"ಅಳಿಯಾ, ಡಬ್ಬಿ ಅಂತ ಬರದು ಬರೇ ಖಾಲಿ ಡಬ್ಬಿ ತೋರ್ಸಾಕತ್ತೀಯಲ್ಲೋ!"

ಡಬ್ಬಿ, ಕಡ್ಡಿ ಅಂದ್ರೆ ಬ್ಯಾಡಗಿ ಮೆಣಸಿನಕಾಯಿಯ ಎರಡು ತಳಿಗಳು. ಕಡ್ಡಿ ಉದ್ದ, ತೆಳ್ಳಗೆ. ಡಬ್ಬಿ ಗಿಡ್ಡ, ದುಂಡಗೆ. ಎರಡಕ್ಕೂ ಖಾರ ಕಡಿಮೆ, ಬಣ್ಣ ಜಾಸ್ತಿ. ಮಾಮಾನ ಅಂಗಡಿಗೆ ನಾನೇ ಒಂದು ವೆಬ್‌ಸೈಟ್ ಮಾಡಿ, ಭಾನುವಾರ ರಾತ್ರಿ ಹುಬ್ಬಳ್ಳಿಯ ರೂಮಿನಲ್ಲಿ ಕೂತು ಸರ್ವರ್‌ಗೆ ಹಾಕಿ ಮಲಗಿದ್ದೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎಲ್ಲ ಫೋಟೋ ಚೆಂದ ಕಾಣುತ್ತಿದ್ದವು. ಧಾರವಾಡದ ಗೆಳತಿಯೂ ಅದೇ ಫೋಲ್ಡರನ್ನು ತನ್ನ ಮ್ಯಾಕ್‌ನಲ್ಲಿ ತೆರೆದು ನೋಡಿ ಸರಿಯಿದೆ ಅಂದಿದ್ದಳು.

ಈಗ ನೋಡಿದರೆ ಕಡ್ಡಿ ಇದೆ, ಡಬ್ಬಿ ಇಲ್ಲ. ಆಂಧ್ರದ ಗುಂಟೂರು ಮೆಣಸಿನಕಾಯಿಯೂ ಇಲ್ಲ. ಫೋಟೋ ಇರಬೇಕಾದಲ್ಲಿ ಬಿಳಿ ಚೌಕ. ಎಲ್ಲವೂ ಹೋಗಿದ್ದರೆ ಹುಡುಕುವುದು ಸುಲಭ. ಅರ್ಧ ಬಂದು ಅರ್ಧ ಬರದಿದ್ದರೆ ತಲೆ ಕೆಡುತ್ತದೆ. ಇಂಟರ್ನೆಟ್ ನಿಧಾನ ಇರಬೇಕು ಅಂದುಕೊಂಡೆ. ಆಮೇಲೆ ಬ್ರೌಸರಿನ ಕ್ಯಾಶ್, ಅಂದ್ರೆ ಅದು ಉಳಿಸಿಟ್ಟುಕೊಂಡ ಹಳೇ ಪ್ರತಿಗಳನ್ನು ಅಳಿಸಿದೆ. ಎರಡು ಸಲ ಮತ್ತೆ ಅಪ್‌ಲೋಡ್ ಮಾಡಿದೆ. ಊಹೂಂ. ಸರ್ವರ್ ಮಾತ್ರ ಒಂದೇ ಹಟ: 404, ಆ ಹೆಸರಿನ ಫೈಲೇ ಇಲ್ಲ.

ಫೈಲ್ ಕಣ್ಣೆದುರೇ ಇತ್ತು! ಒಂದು ಗಂಟೆ ಕಳೆದ ಮೇಲೆ ಹೊಳೆಯಿತು. ಕಡ್ಡಿ ಫೋಟೋ ಫೋನಿನಿಂದ ಬಂದದ್ದು, ಹೆಸರೆಲ್ಲ ಸ್ಮಾಲ್ ಲೆಟರ್. ಉಳಿದೆರಡು ಕ್ಯಾಮೆರಾದಿಂದ ಬಂದವು, ಹೆಸರಿನ ಕೊನೆಯ ಜೆಪಿಜಿ ಪೂರಾ ಕ್ಯಾಪಿಟಲ್. ಅವಕ್ಕೆ ಹೆಸರಿಡುವಾಗ ನಾನೂ ಮೊದಲ ಅಕ್ಷರ ಕ್ಯಾಪಿಟಲ್ ಹಾಕಿದ್ದೆ. ಪುಟದೊಳಗೆ ಬರೆದದ್ದು ಮಾತ್ರ ಸ್ಮಾಲ್.

ವಿಂಡೋಸ್ ನಮ್ಮ ಆಟೋದವರ ಹಾಗೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ 'ಹುಬ್ಬಳ್ಳಿ' ಅಂತಲೇ ಆಗಿದೆ, ಆದರೆ ನೀವು ಹಳೇ ರೂಢಿಯಲ್ಲಿ 'ಹುಬ್ಳಿ' ಅಂದರೂ ಇಳಿಸುವುದು ಅಲ್ಲೇ. ವಿಂಡೋಸ್ ಫೈಲಿನ ಹೆಸರನ್ನು ನೀವು ಇಟ್ಟ ಹಾಗೇ ನೆನಪಿಟ್ಟುಕೊಳ್ಳುತ್ತದೆ, ಹುಡುಕುವಾಗ ದೊಡ್ಡಕ್ಷರ ಸಣ್ಣಕ್ಷರ ಅಂತ ತಕರಾರು ತೆಗೆಯುವುದಿಲ್ಲ. ಮ್ಯಾಕ್ ಕೂಡ ಸಾಮಾನ್ಯವಾಗಿ ಹಾಗೇ. ಗೆಳತಿಗೆ ತಪ್ಪು ಕಾಣದ್ದು ಅದಕ್ಕೇ. ಸರ್ವರ್‌ನಲ್ಲಿದ್ದ ಲಿನಕ್ಸ್ ಬ್ಯಾಂಕಿನ ಕೌಂಟರಿನ ಹಾಗೆ. ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೆ ನೀವು ನೀವಲ್ಲ. ಅದರ ಲೆಕ್ಕದಲ್ಲಿ ಹೆಸರೆಂದರೆ ಸುಮ್ನೆ ಅಂಕಿಗಳ ಸಾಲು. ಕ್ಯಾಪಿಟಲ್ ಡಿ 68, ಸ್ಮಾಲ್ ಡಿ 100. ಒಂದೇ ಅಲ್ಲ ಅಲ್ವಾ? ನಿಜ ಹೇಳಬೇಕೆಂದರೆ ನನಗೆ ಲಿನಕ್ಸೇ ಮೆಚ್ಚು. ಬೈಯುವುದಾದರೂ ಮುಖದ ಮೇಲೆ ಬೈಯುತ್ತದೆ.

ಹೆಸರು ತಿದ್ದಿದರೆ ಮುಗಿಯಿತು ಅಂದುಕೊಂಡೆ. ಎಲ್ಲ ಸ್ಮಾಲ್ ಮಾಡಿ, ಫೈಲುಗಳ ಬದಲಾವಣೆಯ ಲೆಕ್ಕ ಇಡುವ ಗಿಟ್‌ಗೆ ಕೇಳಿದರೆ 'ಏನೂ ಬದಲಾಗಿಲ್ಲ' ಅಂತು! ವಿಂಡೋಸ್‌ನಲ್ಲಿ ಗಿಟ್ ಕೂಡ ದೊಡ್ಡಕ್ಷರ ಸಣ್ಣಕ್ಷರ ನೋಡಬೇಡ ಅಂತ ತಾನೇ ಸೆಟ್ಟಿಂಗ್ ಇಟ್ಟುಕೊಂಡಿರುತ್ತದೆ. ಕೊನೆಗೆ ಹಳೇ ಉಪಾಯ ಮಾಡಿದೆ. ಎರಡಕ್ಕೂ ಒಂದೊಂದು ತಾತ್ಕಾಲಿಕ ಹೆಸರು ಕೊಟ್ಟು ಕಮಿಟ್ ಮಾಡಿ, ಅಂದ್ರೆ ಗಿಟ್‌ನ ಲೆಕ್ಕಕ್ಕೆ ಸೇರಿಸಿ, ಆಮೇಲೆ ಬೇಕಾದ ಹೆಸರಿಗೆ ತಂದು ಮತ್ತೊಂದು ಕಮಿಟ್. ಈ ಸಲ ಒಪ್ಪಿಕೊಂಡಿತು. 2018ರಿಂದ ವಿಂಡೋಸ್ 10ರಲ್ಲಿ ಬೇಕಾದ ಫೋಲ್ಡರಿಗೆ ಮಾತ್ರ ಲಿನಕ್ಸಿನ ಶಿಸ್ತು ಕಲಿಸಬಹುದಂತೆ. ಗೊತ್ತಾದದ್ದು ಅದೇ ದಿನ, ಎಲ್ಲ ಮುಗಿದ ಮೇಲೆ!

ಮಾಮಾಗೆ ಫೋನ್ ಮಾಡಿ ಕಾರಣ ಹೇಳಿದೆ. "ದೊಡ್ಡ ಡಿ ಸಣ್ಣ ಡಿ ಅಂತ ಇಷ್ಟೆಲ್ಲಾ ಜಗಳೇನೋ? ನಮ್ಮ ಕನ್ನಡದಾಗ ಅಂಥಾದ್ದೇನೂ ಇಲ್ಲ ನೋಡು" ಅಂದರು.

"ಹೌದು ಮಾಮಾ. ಈಗ ತೆರೆದು ನೋಡ್ರಿ, ಡಬ್ಬಿ ಬಂದೈತಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾರುಕಟ್ಟೆಯ ಗದ್ದಲ ಮಾತ್ರ ಕೇಳಿಸಿತು.

"ಲೇ, ಇದು ನುಣುಪು ಐತಲ್ಲೋ! ಬ್ಯಾಡಗಿ ಕಾಯಿ ಅಂದ್ರ ಸುಕ್ಕಿರಬೇಕು. ಡಬ್ಬಿ ಅಂತ ಗುಂಟೂರ ಹಾಕಿಯಲ್ಲೋ ಪುಣ್ಯಾತ್ಮಾ!"

ತಾತ್ಕಾಲಿಕ ಹೆಸರು ಕೊಡುವಾಗ ಎರಡೂ ಅದಲುಬದಲಾಗಿದ್ದವು.