ಯೆಹೋಶುವ "ನಿಮ್ಮಿಂದಾಗದು" ಅಂದದ್ದು ಯಾಕೆ

ಯೆಹೋಶುವ 24ನೇ ಅಧ್ಯಾಯದ 15ನೇ ವಚನ ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಬಾಗಿಲ ಮೇಲಿರುತ್ತದೆ, ಕ್ಯಾಲೆಂಡರಿನಲ್ಲಿರುತ್ತದೆ, ಗೃಹಪ್ರತಿಷ್ಠೆಗೆ ಫ್ರೇಮು ಹಾಕಿಸಿದ ಉಡುಗೊರೆಯಾಗಿಯೂ ಬರುತ್ತದೆ: ನಾನೂ ನನ್ನ ಮನೆಯವರೂ ಯೆಹೋವನನ್ನೇ ಸೇವಿಸುವೆವು. 19ನೇ ವಚನಕ್ಕೆ ಫ್ರೇಮು ಹಾಕಿಸಿದವರು ಮಾತ್ರ ಕಾಣಸಿಗುವುದಿಲ್ಲ. ಅಲ್ಲಿ ಮೋಶೆಯ ನಂತರ ಇಸ್ರಾಯೇಲ್ಯರನ್ನು ನಡೆಸಿದ ಯೆಹೋಶುವ ಅದೇ ಜನರಿಗೆ, ಅವರು ಒಂದೇ ದನಿಯಲ್ಲಿ ಒಪ್ಪಿಕೊಂಡ ಮೇಲೆ, ಆತನನ್ನು ಸೇವಿಸುವುದು ನಿಮ್ಮಿಂದಾಗದು ಅನ್ನುತ್ತಾನೆ.

ಕನ್ವೆನ್ಷನ್ ಪೆಂಡಾಲಿನಲ್ಲಿ ಕೀಬೋರ್ಡ್ ಮೆಲ್ಲಗೆ ನುಡಿಯುತ್ತಿರುವಾಗ ಕೈ ಎತ್ತಿದವರಿಗೆ "ಕೈ ಇಳಿಸಿ, ಇನ್ನೊಮ್ಮೆ ಯೋಚಿಸಿ ಬನ್ನಿ" ಅಂದ ಬೋಧಕರುಂಟೆ? ಯೆಹೋಶುವ ಜನರನ್ನು ಸೇರಿಸಿದ್ದ ಶೆಕೆಮ್ ಊರಿನಲ್ಲಿ ಆದದ್ದು ಹೆಚ್ಚುಕಡಿಮೆ ಅದೇ. ಜನ ಮೂರು ಸಲ ಉತ್ತರ ಕೊಡಬೇಕಾಯಿತು: 18, 21, 24ನೇ ವಚನಗಳಲ್ಲಿ. ನಡುವೆ ಯೆಹೋಶುವ ಎರಡು ಮಾತು ಸೇರಿಸುತ್ತಾನೆ. ಇದಕ್ಕೆ ನೀವೇ ಸಾಕ್ಷಿ ಅನ್ನುವುದು ಒಂದು, ನಿಮ್ಮ ಹತ್ತಿರ ಇರುವ ಅನ್ಯದೇವರುಗಳನ್ನು ಈಗಲೇ ತೆಗೆದುಹಾಕಿ ಅನ್ನುವುದು ಇನ್ನೊಂದು. ಕೊನೆಗೆ ಒಡಂಬಡಿಕೆಯನ್ನು ಬರೆದಿಟ್ಟು ದೊಡ್ಡದೊಂದು ಕಲ್ಲು ನಿಲ್ಲಿಸುತ್ತಾನೆ. ತಡೆದು ಕೇಳುವುದು, ತೆಗೆದುಹಾಕುವುದು, ಬರೆಯುವುದು, ಸಾಕ್ಷಿ ನಿಲ್ಲಿಸುವುದು. ದೇವರನ್ನು ಹಿಂಬಾಲಿಸುತ್ತೇನೆ ಅನ್ನುವ ನಿರ್ಧಾರಕ್ಕೆ ಇದಕ್ಕಿಂತ ಒಳ್ಳೆಯ ಕ್ರಮ ಬೈಬಲಿನಲ್ಲಿ ಇನ್ನೊಂದು ಕಡೆ ಹೀಗೆ ಒಟ್ಟಿಗೆ ಸಿಗುವುದು ಕಷ್ಟ.

ಯೇಸುವಿನದೂ ಇದೇ ರೀತಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಲಿ ಅನ್ನುತ್ತಾನೆ (ಲೂಕ 14:28). ಐಶ್ವರ್ಯವಂತನೊಬ್ಬ ಮುಖ ಬಾಡಿಸಿಕೊಂಡು ಹೊರಟಾಗ ಯೇಸು ಅವನ ಹಿಂದೆ ಓಡಲಿಲ್ಲ, ಷರತ್ತು ಇಳಿಸಲಿಲ್ಲ. ಅದೂ ಅವನನ್ನು ಪ್ರೀತಿಯಿಂದ ನೋಡಿದ ಮೇಲೆ (ಮಾರ್ಕ 10:21-22). ಬೇಡ ಅಂದು ಹೋಗುವ ದಾರಿ ಮುಚ್ಚಿದ್ದರೆ ಬರುತ್ತೇನೆ ಅನ್ನುವುದಕ್ಕೆ ಬೆಲೆ ಇರುತ್ತಿರಲಿಲ್ಲ.

ಹಾಗಿದ್ದರೆ ಸ್ವಾತಂತ್ರ್ಯ ಅಂದರೆ ಎರಡು ದಾರಿಯೂ ತೆರೆದಿರುವುದು ಇಷ್ಟೇನಾ? ಅಲ್ಲ. ಆಯ್ಕೆ ಮಾಡುವ ಅವಕಾಶ ಬೇರೆ, ಆಯ್ದುಕೊಂಡದ್ದನ್ನು ಮಾಡಿ ಮುಗಿಸುವ ಶಕ್ತಿ ಬೇರೆ. ಪೌಲ ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಗೋಳಾಡುವುದು ಈ ಎರಡನೆಯದಕ್ಕೆ: ಬಯಸುವ ಒಳ್ಳೆಯದನ್ನು ಮಾಡುವುದಿಲ್ಲ, ಬಯಸದ ಕೆಟ್ಟದ್ದನ್ನೇ ಮಾಡುತ್ತೇನೆ. ಸಂಜೆ ಬಾರಿನ ಮುಂದೆ ನಿಂತವನನ್ನು ಯಾರೂ ಒಳಗೆ ತಳ್ಳುತ್ತಿಲ್ಲ. ಕಾನೂನಿನ ಲೆಕ್ಕದಲ್ಲಿ ಅವನು ಸ್ವತಂತ್ರ. ದಾಟಿ ಮನೆಗೆ ಹೋಗಲಾರ ಅಷ್ಟೇ. ಪಾಪ ಮಾಡುವವನು ಪಾಪಕ್ಕೆ ದಾಸ ಎಂದು ಯೋಹಾನ 8:34ರಲ್ಲಿ ಯೇಸು ಹೇಳಿದ್ದು ಇವನ ವಿಷಯವೇ.

ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆದವರಿಗೆ, ಯೇಸು ತನ್ನನ್ನು ದ್ರಾಕ್ಷಿಬಳ್ಳಿ ಎಂದು ಕರೆದುಕೊಳ್ಳುವ ಯೋಹಾನ 15ನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರು ಬ್ಲೂ ತಳಿ ವರ್ಷಕ್ಕೆ ಎರಡು ಬೆಳೆ ಕೊಡುವುದು ಎರಡು ಸಲ ಕತ್ತರಿ ಬಿದ್ದರೆ. ಚಪ್ಪರಕ್ಕೆ ಕಟ್ಟದೆ, ಸವರದೆ, ಅದರ ಪಾಡಿಗೆ ಬಿಟ್ಟ ಬಳ್ಳಿ ಎತ್ತ ಬೇಕಾದರೂ ಹಬ್ಬುತ್ತದೆ. ಎಲೆ ಸಿಗುತ್ತದೆ, ಗೊಂಚಲು ಸಿಗುವುದಿಲ್ಲ. ಸದ್ಗುಣವೂ ಕಟ್ಟಿ ಸವರಿದ ಶಕ್ತಿ. ಹದಿಮೂರನೇ ಶತಮಾನದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಕೊಟ್ಟ ಗುರುತು ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಒಳ್ಳೆಯದನ್ನು ತಡವಿಲ್ಲದೆ, ಹೆಣಗಾಡದೆ, ಖುಷಿಯಿಂದ ಮಾಡುವಂತಾದರೆ ಆ ಗುಣ ಬೇರೂರಿದೆ ಎಂದು ಲೆಕ್ಕ. ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದರೆ ಇನ್ನೂ ಕಲಿಯುತ್ತಿದ್ದೀರಿ ಎಂದರ್ಥ. ಅದು ಕಪಟವಲ್ಲ.

ಈಗ ನಿರ್ಧಾರದ ದಿನಕ್ಕೆ ಬರೋಣ. ಮೆಥೊಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಹದಿನೆಂಟನೇ ಶತಮಾನದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿಯ ಪರಂಪರೆಯ ಸಭೆಗಳಲ್ಲಿ ಹೊಸ ವರ್ಷದ ಮೊದಲ ಭಾನುವಾರ, ದೇವರಿಗೆ ಕೊಟ್ಟ ಮಾತನ್ನು ಹೊಸದು ಮಾಡುವ ಒಡಂಬಡಿಕೆಯ ಆರಾಧನೆ ನಡೆಸುವ ರೂಢಿಯುಂಟು. ನಮ್ಮ ಜಿಲ್ಲೆಗಳಿಗೆ ಆ ಪರಂಪರೆ ಎರಡು ದಾರಿಯಲ್ಲಿ ಬಂತು. ಗುಬ್ಬಿ, ತುಮಕೂರಿಗೆ ಬಂದವರು ಇಂಗ್ಲೆಂಡಿನ ವೆಸ್ಲಿಯನ್ನರು. ಅವರ ಸಭೆಗಳು 1947ರಲ್ಲಿ ಹಲವು ಪ್ರಾಟೆಸ್ಟೆಂಟ್ ಸಭೆಗಳು ಒಂದಾದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸೇರಿದವು, ಚಿಕ್ಕಬಳ್ಳಾಪುರದ ಲಂಡನ್ ಮಿಷನ್ ಸಭೆಗಳ ಹಾಗೆಯೇ. ಕೋಲಾರದ್ದು ಅಮೆರಿಕದ ಮೆಥೊಡಿಸ್ಟರ ಮಿಷನ್. ಅವರು ಆ ಐಕ್ಯದ ಹೊರಗೇ ಉಳಿದರು, ಇಂದಿಗೂ ಮೆಥೊಡಿಸ್ಟರೇ.

ವೆಸ್ಲಿ ಈ ಆರಾಧನೆಯನ್ನು ಮೊದಲು ನಡೆಸಿದ್ದು 1755ರಲ್ಲಿ, ಲಂಡನ್ನಿನಲ್ಲಿ. ಆಗಸ್ಟ್ 6ರಂದು ಸಭೆಗೆ ವಿಷಯ ತಿಳಿಸಿದರು. ಹಲವು ಬೆಳಗ್ಗೆ ಅದರ ಅರ್ಥ ವಿವರಿಸಿದರು. ಶುಕ್ರವಾರ ಉಪವಾಸ. 11ರ ಸೋಮವಾರ ಸಂಜೆ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ಚರ್ಚಿನಲ್ಲಿ ಸುಮಾರು 1,800 ಜನ ಎದ್ದು ನಿಂತು ಒಪ್ಪಿಗೆ ಕೊಟ್ಟರು. ಗಮನಿಸಬೇಕಾದದ್ದು ಆ ಸಂಖ್ಯೆಯಲ್ಲ, ನಡುವಿನ ಐದು ದಿನ. ನಮ್ಮಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ, ಕೇಕು, ವಾಗ್ದಾನ ವಚನದ ಚೀಟಿ, ಬೆಳಿಗ್ಗೆ ಮತ್ತೆ ಆರಾಧನೆ. ನಿದ್ದೆಗಣ್ಣಿನಲ್ಲಿ ಓದಿದ ಒಡಂಬಡಿಕೆ ಮಧ್ಯಾಹ್ನದ ಬಿರಿಯಾನಿಯ ಹೊತ್ತಿಗೆ ಮರೆತುಹೋಗಿರುತ್ತದೆ. (ದೇವರು ನಮಗೆ ಕೊಟ್ಟ ವಾಗ್ದಾನದ ಚೀಟಿ ವರ್ಷಪೂರ್ತಿ ಬೈಬಲಿನೊಳಗಿರುತ್ತದೆ. ನಾವು ಕೊಟ್ಟ ಮಾತಿಗೆ ಚೀಟಿಯೇ ಇಲ್ಲ.)

ಆ ಐದು ದಿನವನ್ನು ಕ್ರಿಸ್ಮಸ್ಸಿನ ಮರುದಿನದಿಂದಲೇ ತೆಗೆದಿಡಬಹುದು. ವೆಸ್ಲಿ ಅವತ್ತು ಓದಿದ್ದು ರಿಚರ್ಡ್ ಅಲೈನ್ ಎಂಬ ಹಿಂದಿನ ಶತಮಾನದ ಬೋಧಕರ ಮಾತುಗಳನ್ನು. ಅದರ ಸಲಹೆ ನೇರವಾಗಿದೆ: ಒಂದಕ್ಕಿಂತ ಹೆಚ್ಚು ಸಲ ಏಕಾಂತದಲ್ಲಿ ಕೂರು, ನಿನ್ನ ಬಲವನ್ನಲ್ಲ, ಬಲ ಕೊಡುತ್ತೇನೆ ಅಂದ ದೇವರ ಮಾತನ್ನು ಹಿಡಿದುಕೋ, ಒಡಂಬಡಿಕೆಯನ್ನು ಮನಸ್ಸಿನಲ್ಲಷ್ಟೇ ಅಲ್ಲ ಬಾಯಲ್ಲಿ ಹೇಳು, ಬಾಯಲ್ಲಷ್ಟೇ ಅಲ್ಲ ಬರೆದಿಡು. ಒಂದು ಹಾಳೆ ಸಾಕು. ಮೇಲೆ ತಾರೀಕು, ಕೆಳಗೆ ಸಹಿ. ನಡುವೆ ಏನು ಬರೆಯಬೇಕು ಅನ್ನುವಲ್ಲಿಯೇ ಹೆಚ್ಚಿನವರು ಎಡವುವುದು.

"ಇನ್ನು ಮೇಲೆ ಪ್ರಾಮಾಣಿಕನಾಗಿರುತ್ತೇನೆ" ಎಂದು ಬರೆದವರು ಏನನ್ನೂ ಬರೆದಂತಾಗಲಿಲ್ಲ. ಕೋಲಾರದ ಮಾರುಕಟ್ಟೆಗೆ ಟೊಮ್ಯಾಟೊ ಹಾಕುವವನ ಪ್ರಾಮಾಣಿಕತೆ ಇರುವುದು ಹದಿನೈದು ಕೆಜಿಯ ಬಾಕ್ಸಿನ ತಳದಲ್ಲಿ. ಮೇಲಿನ ಎರಡು ಸಾಲು ದಪ್ಪ ಹಣ್ಣು, ಕೆಳಗೆ ಗೋಲಿಯಂಥದ್ದು, ಒಡೆದದ್ದು. ಹಾಗಾಗಿ ಅವನು ಬರೆಯಬೇಕಾದದ್ದು "ಬಾಕ್ಸಿನ ತಳದಲ್ಲೂ ಮೇಲಿನ ಹಣ್ಣೇ" ಎಂದು. ಖರ್ಚಿನ ಲೆಕ್ಕವನ್ನೂ ಪಕ್ಕದಲ್ಲೇ ಬರೆಯಲಿ: ಸಣ್ಣ ಹಣ್ಣು ಬೇರೆ ಬಾಕ್ಸಿಗೆ ಹೋಗುತ್ತದೆ, ಅದಕ್ಕೆ ರೇಟು ಕಡಿಮೆ, ಒಳ್ಳೆಯ ಬಾಕ್ಸಿಗೂ ಮೊದಮೊದಲು ಹೆಚ್ಚು ಸಿಗುವುದಿಲ್ಲ, ಯಾಕೆಂದರೆ ಹರಾಜಿನಲ್ಲಿ ಕೂಗುವವನು ಎಲ್ಲರ ಬಾಕ್ಸಿನ ತಳವನ್ನೂ ಒಂದೇ ಎಂದುಕೊಂಡಿರುತ್ತಾನೆ. ಇವನ ಮಾಲು ಬೇರೆ ಎಂದು ಗೊತ್ತಾಗುವವರೆಗೆ ಆ ನಷ್ಟ ತಡೆದುಕೊಳ್ಳಬೇಕು. ಗೊತ್ತಾಗದೆಯೂ ಹೋಗಬಹುದು, ಆಗಲೂ ಮಾತು ಮಾತೇ. ಸುಳ್ಳು ತಕ್ಕಡಿ ಯೆಹೋವನಿಗೆ ಅಸಹ್ಯ ಎಂದು ಜ್ಞಾನೋಕ್ತಿ 11:1 ಹೇಳುತ್ತದೆ. ಲಾಭ ಬರುತ್ತದೆ ಎಂದು ಅಲ್ಲಿ ಹೇಳಿಲ್ಲ.

ಬರೆಯುವಾಗ ಮೂರು ಪರೀಕ್ಷೆ ಮಾಡಿ. ಇವತ್ತು ಮಾಡಿದೆನೋ ಇಲ್ಲವೋ ಎಂದು ರಾತ್ರಿ ಹೌದು-ಇಲ್ಲದಲ್ಲಿ ಉತ್ತರ ಕೊಡಬಹುದೆ? ಅದು ನನ್ನ ಕೈಯಲ್ಲಿರುವ ಕೆಲಸವೆ, ಬೇರೆಯವರು ಬದಲಾದರೆ ಮಾತ್ರ ಆಗುವಂಥದ್ದೆ? ಒಂದೇ ಇದೆಯೆ? ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ. 2 ಪೇತ್ರ 1:5-7ರಲ್ಲಿ ನಂಬಿಕೆಗೆ ಸದ್ಗುಣ, ಅದಕ್ಕೆ ಜ್ಞಾನ, ದಮೆ, ತಾಳ್ಮೆ, ಭಕ್ತಿ, ಸಹೋದರಸ್ನೇಹ, ಕೊನೆಗೆ ಪ್ರೀತಿ ಎಂದು ಒಂದಕ್ಕೊಂದು ಕೂಡಿಸುತ್ತ ಹೋಗುತ್ತಾನೆ. ಕೂಡಿಸುವುದು ಅಂದಿದ್ದಾನೆ, ಒಂದೇ ಸಲ ಹೊರುವುದು ಅಂದಿಲ್ಲ. ಕುಡಿತ, ಕೋಪ, ಮೊಬೈಲು, ಚೀಟಿ ವ್ಯವಹಾರ ಎಲ್ಲವನ್ನೂ ಜನವರಿಯಲ್ಲೇ ಬಿಡುತ್ತೇನೆ ಅನ್ನುವವರು ಫೆಬ್ರವರಿಯಲ್ಲಿ ಬಿಡುವುದು ಹಾಳೆಯನ್ನು. ಕುಡಿತದ ಬಗ್ಗೆ ಒಂದು ಎಚ್ಚರಿಕೆ: ದಿನವೂ ಕುಡಿದು ಬೆಳಿಗ್ಗೆ ಕೈ ನಡುಗುವವರು ಪ್ರಾರ್ಥನೆಯ ಹುರುಪಿನಲ್ಲಿ ಒಮ್ಮೆಲೇ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ಡಾಕ್ಟರು. ಅದು ಅಪನಂಬಿಕೆಯಲ್ಲ.

ದಿನದ ಲೆಕ್ಕಕ್ಕೆ ಜೆಸ್ವಿಟ್ ಸಂಘ ಕಟ್ಟಿದ ಹದಿನಾರನೇ ಶತಮಾನದ ಸಂತ, ಲೊಯೊಲಾದ ಇಗ್ನೇಷಿಯಸರ ಕ್ರಮಕ್ಕಿಂತ ಸರಳವಾದದ್ದು ಇಲ್ಲ. ಕಥೋಲಿಕರದು ಎಂದು ನಮ್ಮ ಪ್ರಾಟೆಸ್ಟೆಂಟರು ದೂರ ಇಡುತ್ತಾರೆ, ನಷ್ಟ ಇವರಿಗೇ. ಬೆಳಿಗ್ಗೆ ಎದ್ದ ಕೂಡಲೇ ಆ ಒಂದು ವಿಷಯವನ್ನು ನೆನೆದು ಕೃಪೆ ಬೇಡುವುದು. ಮಧ್ಯಾಹ್ನ ಊಟವಾದ ಮೇಲೆ ಅಲ್ಲಿಯವರೆಗೆ ಎಷ್ಟು ಸಲ ತಪ್ಪಿದೆ ಎಂದು ಎಣಿಸಿ, ಹಾಳೆಯಲ್ಲಿ ಎಳೆದ ಗೆರೆಯ ಮೇಲೆ ಅಷ್ಟು ಚುಕ್ಕಿ ಇಡುವುದು. ರಾತ್ರಿ ಊಟದ ನಂತರ ಉಳಿದರ್ಧ ದಿನಕ್ಕೆ ಎರಡನೇ ಗೆರೆಯ ಮೇಲೆ. ದಿನಕ್ಕೆ ಎರಡು ಗೆರೆ, ವಾರಕ್ಕೆ ಹದಿನಾಲ್ಕು. ತಪ್ಪಿದ ಗಳಿಗೆಯಲ್ಲಿ ಎದೆಯ ಮೇಲೆ ಕೈ ಇಟ್ಟುಕೊಳ್ಳಬೇಕು; ಮಾರುಕಟ್ಟೆಯ ನಡುವೆ ಮಾಡಿದರೂ ಯಾರಿಗೂ ತಿಳಿಯುವುದಿಲ್ಲ. ನಂತರ ಇವತ್ತನ್ನು ನಿನ್ನೆಗೆ, ಈ ವಾರವನ್ನು ಕಳೆದ ವಾರಕ್ಕೆ ಹೋಲಿಸಿ ನೋಡುವುದು. ಮೊದಲ ವಾರ ಚುಕ್ಕಿ ಹೆಚ್ಚಾದರೆ ಗಾಬರಿ ಬೇಡ. ತಪ್ಪು ಹೆಚ್ಚಾದದ್ದಲ್ಲ, ಕಣ್ಣಿಗೆ ಬೀಳುವುದು ಹೆಚ್ಚಾಗಿದೆ. ಚುಕ್ಕಿ ಒಂದೇ ಹೊತ್ತಿನಲ್ಲಿ ಗುಂಪಾಗಿದ್ದರೆ, ಉದಾಹರಣೆಗೆ ಎಲ್ಲವೂ ಸಂಜೆಯ ಗೆರೆಯ ಮೇಲೆಯೇ ಇದ್ದರೆ, ಬೇಕಿರುವುದು ಇನ್ನಷ್ಟು ಕಣ್ಣೀರಲ್ಲ. ಆ ಹೊತ್ತು ಯಾವ ದಾರಿಯಲ್ಲಿ, ಯಾರ ಜೊತೆ ಬರುತ್ತೀರಿ ಅನ್ನುವುದನ್ನು ಬದಲಿಸಬೇಕು. ಶೆಕೆಮಿನ "ತೆಗೆದುಹಾಕಿ" ಇದೇ.

ಇಗ್ನೇಷಿಯಸರ ಇನ್ನೊಂದು ನಿಯಮವನ್ನು ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಬೇಕು: ಮನಸ್ಸು ಒಣಗಿ, ಪ್ರಾರ್ಥನೆ ರುಚಿಸದ ಕಾಲದಲ್ಲಿ ಮೊದಲಿನ ನಿರ್ಧಾರವನ್ನು ಬದಲಿಸಬೇಡ. ಹೆಚ್ಚಿನ ಒಡಂಬಡಿಕೆಗಳು ಮುರಿಯುವುದು ದೊಡ್ಡ ಶೋಧನೆಯಲ್ಲಲ್ಲ, ಇಂಥ ಬೇಸರದ ಮಧ್ಯಾಹ್ನದಲ್ಲಿ. ಕೈ ಎತ್ತಿದ ರಾತ್ರಿಯ ಉತ್ಸಾಹವನ್ನೇ ನಿರ್ಧಾರ ಎಂದುಕೊಂಡವರಿಗೆ ಉತ್ಸಾಹ ಇಳಿದಾಗ ನಿರ್ಧಾರವೂ ಸುಳ್ಳೆನಿಸುತ್ತದೆ.

ಸಾಕ್ಷಿಗೆ ಕಲ್ಲು ಬೇಕಿಲ್ಲ, ಒಬ್ಬ ಮನುಷ್ಯ ಸಾಕು. 1738ರಲ್ಲಿ ವೆಸ್ಲಿ ಸಣ್ಣ ಗುಂಪುಗಳಿಗೆ ಕೊಟ್ಟ ಪ್ರಶ್ನೆಗಳು ನೇರ: ಕಳೆದ ಭೇಟಿಯಿಂದ ಈಚೆಗೆ ಗೊತ್ತಿದ್ದೂ ಮಾಡಿದ ಪಾಪ ಯಾವುದು? ಯಾವ ಶೋಧನೆ ಬಂತು? ಹೇಗೆ ಪಾರಾದೆ? ವಾರಕ್ಕೊಮ್ಮೆ ಇಬ್ಬರೋ ಮೂವರೋ ಕೂತರೆ ಆಯಿತು. ಗಂಡಸರು ಗಂಡಸರೊಂದಿಗೆ, ಹೆಂಗಸರು ಹೆಂಗಸರೊಂದಿಗೆ. ಇಲ್ಲಿ ಕೆಡುವುದು ಒಂದೇ ಕಾರಣಕ್ಕೆ: ಕೇಳಿದ್ದು ಮುಂದಿನ ಭಾನುವಾರ "ಪ್ರಾರ್ಥನಾ ವಿಷಯ"ವಾಗಿ ಸಭೆಗೆಲ್ಲ ತಿಳಿಯುವುದು. ಬಾಯಿ ನಿಲ್ಲದವರನ್ನು, ಎಷ್ಟೇ ಭಕ್ತರಾಗಿರಲಿ, ಸಾಕ್ಷಿಯಾಗಿ ಇಟ್ಟುಕೊಳ್ಳಬೇಡಿ.

ಇಷ್ಟೆಲ್ಲ ಗೆರೆ, ಚುಕ್ಕಿ, ಹಾಳೆ ಅಂದರೆ ಕೃಪೆಗೆ ಕೆಲಸವೇನು ಎಂದು ಕೇಳುವವರಿರುತ್ತಾರೆ. ಫಿಲಿಪ್ಪಿಯವರಿಗೆ 2:12-13ರಲ್ಲಿ ಪೌಲ ನೀವು ದುಡಿಯಿರಿ ಅಂದು, ಅದೇ ಉಸಿರಿನಲ್ಲಿ ಇಚ್ಛೆಯನ್ನೂ ಕೆಲಸವನ್ನೂ ನಿಮ್ಮಲ್ಲಿ ಉಂಟುಮಾಡುವವನು ದೇವರೇ ಅನ್ನುತ್ತಾನೆ. ವೆಸ್ಲಿ ನಂಬಿದ್ದೂ ಅದನ್ನೇ: ಮನುಷ್ಯ ಹೌದು ಅನ್ನುವುದಕ್ಕೂ ಮೊದಲು ಕೃಪೆ ಬಂದು ಹೌದು ಅನ್ನುವ ಶಕ್ತಿ ಕೊಟ್ಟಿರುತ್ತದೆ. ಚುಕ್ಕಿ ಇಡುವುದು ಪುಣ್ಯ ಕೂಡಿಡುವುದಕ್ಕಲ್ಲ. ಯಾವ ಹೊತ್ತಿನಲ್ಲಿ ಕೃಪೆ ಬೇಡಬೇಕು ಎಂದು ತಿಳಿಯುವುದಕ್ಕೆ.

ಇನ್ನು ಹುಟ್ಟು ಕ್ರೈಸ್ತರ ವಿಷಯ. ಯೆಹೋಶುವನ ಕಾಲದವರು ತೀರಿದ ಮೇಲೆ ಯೆಹೋವನನ್ನಾಗಲಿ ಆತನ ಕಾರ್ಯಗಳನ್ನಾಗಲಿ ಅರಿಯದ ಬೇರೆ ಸಂತತಿ ಎದ್ದಿತು ಎಂದು ನ್ಯಾಯಸ್ಥಾಪಕರು 2:10 ಹೇಳುತ್ತದೆ. ಬಾಗಿಲ ಮೇಲಿನ ಫ್ರೇಮು ಮಕ್ಕಳಿಗೆ ಆಸ್ತಿಯಾಗಿ ಹೋಗುತ್ತದೆ, ಆಯ್ಕೆ ಹೋಗುವುದಿಲ್ಲ. ಆದರೂ ದೃಢೀಕರಣದ (ಚಿಕ್ಕಂದಿನಲ್ಲಿ ದೀಕ್ಷಾಸ್ನಾನ ಪಡೆದ ಮಕ್ಕಳು ಆ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ವಿಧಿ) ತರಗತಿಯಲ್ಲಿ ನಾವು ಮಾಡುವುದೇನು? ಕರ್ತನ ಪ್ರಾರ್ಥನೆ, ಹತ್ತು ಆಜ್ಞೆ, ವಿಶ್ವಾಸಪ್ರಮಾಣ ಬಾಯಿಪಾಠ, ಬಿಳಿ ಬಟ್ಟೆ, ಬಿಷಪರ ತಾರೀಕು, ಗ್ರೂಪ್ ಫೋಟೊ. ನಿನಗೆ ಇದು ಬೇಕೆ ಎಂದು ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಕೇಳುವ ಒಂದು ಗಂಟೆಯೂ ಅದರಲ್ಲಿರಬೇಕು, ತಂದೆತಾಯಿ ಪಕ್ಕದಲ್ಲಿ ಇಲ್ಲದಾಗ, ಕೊನೆಯ ವಾರಕ್ಕೂ ಮುಂಚೆ. "ಈಗ ಬೇಡ" ಅಂದ ಮಗುವಿಗೆ ಬೈಯಬಾರದು, ಪಾಸ್ಟರು ಮನೆಗೆ ಫೋನ್ ಮಾಡಿ ಒತ್ತಾಯ ಹೇರಿಸಬಾರದು. ಬಟ್ಟೆ ಹೊಲಿಸಿ ಆಗಿದೆ, ನೆಂಟರಿಗೆ ಹೇಳಿ ಆಗಿದೆ ಅನ್ನುವುದು ಕಾರಣವಾಗಲಾರದು. ಮುಂದಿನ ವರ್ಷದ ತರಗತಿಗೆ ಹೆಸರು ಬರೆದುಕೊಂಡು, ಅಲ್ಲಿಯವರೆಗೆ ಕ್ವಾಯರಿನಲ್ಲೂ ಯುವಜನ ಕೂಟದಲ್ಲೂ ಮೊದಲಿನಂತೆಯೇ ಸೇರಿಸಿಕೊಂಡರಾಯಿತು.